ಹರಿದೆಸೆದ ದೂರು

ಅದು ಶುರುವಾದದ್ದು ಮಾಗಿಯ ಚಳಿಯಲ್ಲಿ, ಬೆಳಗಿನ ಹತ್ತು ಗಂಟೆಗೆ. ಡಿಎನ್‌ಎಯಲ್ಲಿ ಬರಹ ಕೂಡಿಡುವ ತನ್ನ ಸಂಶೋಧನೆಯನ್ನು ಕದ್ದರೆಂದು ಸಂಶೋಧಕಿ ಜಲಜಾಕ್ಷಿ ತಮ್ಮ ಮೇಲೇ ಬರೆದ ದೂರನ್ನು ಪ್ರಯೋಗಾಲಯದ ನಿರ್ದೇಶಕರು ಅವಳೆದುರೇ ಹರಿದೆಸೆದರು.

"ನಿನ್ನೊಬ್ಬಳ ಮಾತು ಯಾರಮ್ಮ ನಂಬ್ತಾರೆ? ಚೂರು ಜೋಡಿಸ್ಕೊಂಡು ಕೂತ್ಕೋ. ಹಾಗೇ ಪ್ರದರ್ಶನಕ್ಕೆ ನನ್ನ ಭಾಷಣಾನ ಡಿಎನ್‌ಎಯಲ್ಲಿ ಬರೆದಿಡು."

"ಆಗ್ಲಿ ಸರ್." ಅವಳು ಬಗ್ಗಿ ಒಂದೊಂದೇ ಚೂರು ಆಯ್ದುಕೊಂಡಳು.

ಯುಗಾದಿ ಕಳೆದ ಶುಕ್ರವಾರ, ಪ್ರದರ್ಶನದಲ್ಲಿ ಸಚಿವರ ಮುಂದೆ ನಿರ್ದೇಶಕರು ಜಲಜಾಕ್ಷಿ ಸಿದ್ಧಪಡಿಸಿದ ಡಿಎನ್‌ಎ ಕೊಳವೆಯನ್ನು ಎತ್ತಿ ಹಿಡಿದರು. "ಇದರಲ್ಲಿ ಬರಹ ಸಾವಿರ ಚೂರಾಗಿದೆ. ಒಂದೇ ಸಲ ಓದಿದ್ರೆ ತಪ್ಪಾಗುತ್ತೆ. ಅದಕ್ಕೇ ಯಂತ್ರ ಪ್ರತಿ ಚೂರನ್ನೂ ಮೂವತ್ತು ಸಲ ಓದಿ, ತಾಳೆ ನೋಡಿ ಜೋಡಿಸುತ್ತೆ."

"ಆಮೇಲೂ ತಪ್ಪಿದ್ರೆ?"

"ಸಾಧ್ಯವೇ ಇಲ್ಲ ಸ್ವಾಮಿ. ಪರದೆ ಮೇಲೆ ಬರೋ ಒಂದೊಂದಕ್ಷರವೂ ಸತ್ಯ!"

ಪರದೆಯ ಮೇಲೆ ಭಾಷಣದ ಬದಲು ಜಲಜಾಕ್ಷಿಯ ದೂರು ಒಂದಕ್ಷರವೂ ಬಿಡದೆ ಮೂಡಿತು. ಸೋಮವಾರ ನಿರ್ದೇಶಕರು ಕೆಲಸ ಬಿಟ್ಟು ಹೋದರು.