ಬಾಗಿಲಲ್ಲಿ ನಿಂತು ಕೇಳುವ ಸೀಟು

2019ರ ನವೆಂಬರ್ 14, ಗುರುವಾರ, ಮಧ್ಯಾಹ್ನ 3 ಗಂಟೆ 42 ನಿಮಿಷ. ಮಿನಿಯಾಪೊಲಿಸ್ ನಿಲ್ದಾಣ. ಮೈನಾಟ್‌ಗೆ ಹೊರಡಲಿದ್ದ ಎಪ್ಪತ್ತಾರು ಸೀಟಿನ ವಿಮಾನದ ಕಾಕ್‌ಪಿಟ್ ಬಾಗಿಲಲ್ಲಿ ಒಬ್ಬ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕ್ಯಾಪ್ಟನ್ ಮಾರಿಟ್ ಹಾಲ್ವರ್ಸನ್ ತಿರುಗಿ ನೋಡಿದಳು. ತೋಳಿನ ಮೇಲೆ ಕ್ಯಾಪ್ಟನ್ ದರ್ಜೆಯ ನಾಲ್ಕು ಪಟ್ಟಿ. ದೊಡ್ಡ ಕಂಪನಿಯ ಸಮವಸ್ತ್ರ.

ಮುಖ ನೆನಪಿತ್ತು. ವೆಂಡೆಲ್ ಸ್ಟ್ರಾಂಡ್.

“ಮೈನಾಟ್‌ವರೆಗೆ ನಿಮ್ಮ ಜೊತೆ ಬರಬಹುದಾ, ಕ್ಯಾಪ್ಟನ್?”

ಪದ್ಧತಿಯೇ ಹಾಗೆ. ಪೈಲಟ್‌ಗಳು ಟಿಕೆಟ್ ಕೊಳ್ಳುವುದಿಲ್ಲ. ವಿಮಾನ ತುಂಬಿದ್ದರೆ ಕಾಕ್‌ಪಿಟ್‌ನ ಮಡಚುವ ಸೀಟಿನಲ್ಲಿ ಕೂತು ಹೋಗುತ್ತಾರೆ. ಯಾವ ಕಂಪನಿಯವನಾದರೂ ಸರಿ, ಖುದ್ದಾಗಿ ಬಾಗಿಲಿಗೆ ಬಂದು ಕೇಳಬೇಕು. ಕೊಡುವುದು ಬಿಡುವುದು ಆ ವಿಮಾನದ ಕ್ಯಾಪ್ಟನ್‌ಗೆ ಬಿಟ್ಟದ್ದು.

ನಾಲ್ಕೂವರೆ ವರ್ಷದ ಹಿಂದೆ ಡೆನ್ವರ್‌ನಲ್ಲಿ ಮಾರಿಟ್ ಹೀಗೆಯೇ ಇವನ ಬಾಗಿಲಲ್ಲಿ ನಿಂತಿದ್ದಳು. ಮರುದಿನ ಬೆಳಿಗ್ಗೆ ಇವನದೇ ಕಂಪನಿಯಲ್ಲಿ ಅವಳ ಸಂದರ್ಶನವಿತ್ತು. ಅವನು ಅವಳ ಬ್ಯಾಡ್ಜಿನ ಮೇಲಿದ್ದ ಸಣ್ಣ ಕಂಪನಿಯ ಹೆಸರನ್ನು ಓದಿದ್ದ. “ಅರ್ಧ ಸಂಬಳಕ್ಕೆ ನಮ್ಮ ಮಾರ್ಗ ಕಿತ್ಕೊಳ್ಳೋರಿಗೆ ನನ್ನ ಕಾಕ್‌ಪಿಟ್‌ನಲ್ಲಿ ಜಾಗ ಇಲ್ಲಮ್ಮ.” ಸೀಟು ಖಾಲಿಯೇ ಹಾರಿತು. ಸಂದರ್ಶನ ತಪ್ಪಿತು. ಎರಡನೇ ಕರೆ ಬರಲಿಲ್ಲ.

ಅವನಿಗೆ ಅವಳ ಗುರುತಿರಲಿಲ್ಲ.

ಕೋ-ಪೈಲಟ್ ರೂಬೆನ್ ಪಾಸ್ ಸುಮ್ಮನಿರುವವನಲ್ಲ. “ಶಿಕಾರಿಗಾ ಸರ್? ಜಿಂಕೆ ಸೀಸನ್ ಶುರುವಾಯ್ತಲ್ಲ.”

“ನಾಳೆ ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು.”

ಅವನ ಕಣ್ಣು ಮಾರಿಟ್‌ಳ ಎದೆಯ ಬ್ಯಾಡ್ಜಿನ ಮೇಲೆ ನಿಂತಿತು. ಅಲ್ಲಿ ಕಂಪನಿಯ ಹೆಸರಿತ್ತು, ಅದರ ಮೇಲೆ ಕಪ್ಪು ಪಟ್ಟಿಯಿತ್ತು. ಕಂಪನಿಯ ಕೀಗನ್ ಲಿಂಡ್ ಎಂಬ ಕೋ-ಪೈಲಟ್ ಕಳೆದ ಶನಿವಾರ ಮಂಜುಗಡ್ಡೆಯ ರಸ್ತೆಯಲ್ಲಿ ಕಾರು ಜಾರಿ ತೀರಿಕೊಂಡಿದ್ದ. ಎಲ್ಲರೂ ಪಟ್ಟಿ ಅಂಟಿಸಿಕೊಂಡಿದ್ದರು. ಮಾರಿಟ್ ಅವನನ್ನು ಕಂಡೇ ಇರಲಿಲ್ಲ. ‘ಈ ಸ್ಟ್ರಾಂಡ್ ಇನ್ನೂ ಹೆಸರನ್ನೇ ಓದುತ್ತಾನೆ’ ಎಂದುಕೊಂಡಳು.

“ಕೆಳಗೆ, ಸಾಮಾನು ಇಡೋ ಕಡೆ, ತುಂಬಾ ಚಳಿ ಇರುತ್ತಾ?” ಸ್ಟ್ರಾಂಡ್ ಕೇಳಿದ.

“ನಾಯಿ ತಂದಿದ್ದೀರಾ?” ರೂಬೆನ್ ನಕ್ಕ. “ಹೆದರಬೇಡಿ ಸರ್. ಮುಂದಿನ ಗೂಡು ಬೆಚ್ಚಗಿರುತ್ತೆ. ನಮ್ಮ ವಿಮಾನ ಆಟದ ಸಾಮಾನಾದ್ರೂ ನಾಯಿ ಸತ್ತಿಲ್ಲ ಇದುವರೆಗೆ.”

“ಸರಿ.”

ಮಾತಾಡಲು ಅವನು ಬಾಗಿಲು ಎಳೆದುಕೊಂಡ. ಆ ವಿಮಾನದ ಬಾಗಿಲ ಚಿಲಕ ಸುಲಭಕ್ಕೆ ಬಗ್ಗುವುದಿಲ್ಲ. ಮೊದಲು ಮೇಲಕ್ಕೆತ್ತಿ, ಆಮೇಲೆ ತಿರುಗಿಸಬೇಕು. ಅವನು ಹಾಗೆಯೇ ಮಾಡಿದ.

“ಅರೆ, ದೊಡ್ಡೋರಿಗೂ ನಮ್ಮ ಚಿಲಕ ಗೊತ್ತು!”

“ಹೇಳ್ತಿದ್ದ ಒಬ್ಬ.”

ಮಾರಿಟ್ ತೂಕದ ಲೆಕ್ಕದ ಪರದೆ ನೋಡಿದಳು. ಮೈನಾಟ್‌ನಲ್ಲಿ ಹಿಮ ಬೀಳುತ್ತಿತ್ತು. ಅಲ್ಲಿ ಇಳಿಯಲಾಗದಿದ್ದರೆ ಬೇರೆ ಊರಿಗೆ ಹೋಗುವಷ್ಟು ಇಂಧನ ತುಂಬಲೇಬೇಕು. ಅದನ್ನೂ ಸೇರಿಸಿದ ಮೇಲೆ ಮಿತಿಗೆ ಉಳಿದದ್ದು ಮೂವತ್ತು ಪೌಂಡ್. ಈ ಮನುಷ್ಯ, ಅವನ ಚೀಲ: ಇನ್ನೂರ ಹತ್ತು.

ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ.

“ತೂಕ ಹೆಚ್ಚಾಗುತ್ತೆ. ನೂರ ಎಂಬತ್ತು ಪೌಂಡ್.”

ಅವನು ವಾದಿಸಲಿಲ್ಲ. ಹೋಗಲೂ ಇಲ್ಲ. ಟೋಪಿಯ ಅಂಚನ್ನು ಬೆರಳಿನಿಂದ ಒಮ್ಮೆ ಸುತ್ತ ಸವರಿದ.

ರೂಬೆನ್ ಪರದೆಯ ಕೊನೆಯ ಸಾಲು ತೋರಿಸಿದ. “ಕ್ಯಾಪ್ಟನ್, ಇಲ್ಲೊಂದು ಸರಕಿದೆ. ಒಂದೇ ಪೆಟ್ಟಿಗೆ, ನಾನೂರರ ಮೇಲಿದೆ. ನೀವು ಒಂದು ಮಾತು ಹೇಳಿದ್ರೆ ಇಳಿಸ್ತಾರೆ. ನಾಳೆ ಮಧ್ಯಾಹ್ನದ ವಿಮಾನಕ್ಕೆ ಹೋಗುತ್ತೆ ಬಿಡಿ. ಪೆಟ್ಟಿಗೆಯೇನು ಅಳುತ್ತಾ?”

ಮಾರಿಟ್ ತನ್ನೊಳಗೆ ಸಿಟ್ಟನ್ನು ಹುಡುಕಿದಳು. ನಾಲ್ಕೂವರೆ ವರ್ಷ ಜೋಪಾನ ಮಾಡಿದ್ದು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಒಸಡನ್ನು ಒತ್ತಿದಂತಿತ್ತು. ಜಾಗ ಇತ್ತು, ನೋವಿರಲಿಲ್ಲ. ಇವನಂತೆ ತಾನಾಗುವುದು ಬೇಡ ಎನ್ನಿಸಿತು, ಅಷ್ಟೆ. ರೇಡಿಯೊ ಕೈಗೆತ್ತಿಕೊಂಡಳು.

“ಇಳಿಸೋಕೆ ಹೇಳ್ತೀನಿ. ಸೀಟು ಬಿಡಿಸ್ಕೊಂಡು ಕೂತ್ಕೊಳ್ಳಿ.”

“ಬೇಡ,” ಎಂದ ಸ್ಟ್ರಾಂಡ್. ಧ್ವನಿ ಏರಲಿಲ್ಲ, ಆದರೆ ರೂಬೆನ್ ನಗು ನಿಲ್ಲಿಸಿದ. “ಅದು ಹೋಗ್ಲಿ. ನಾನು ಉಳೀತೀನಿ.”

“ಇವತ್ತಿಗೆ ಇದೇ ಕೊನೇದು,” ಎಂದಳು ಮಾರಿಟ್.

“ಗೊತ್ತು. ಕಾರು ಬಾಡಿಗೆಗೆ ತಗೋತೀನಿ.”

“ಐನೂರು ಮೈಲಿ ಇದೆ ಕಣ್ರೀ. ಹಿಮ ಬೇರೆ.”

“ಬೆಳಗಾಗೋದ್ರೊಳಗೆ ಮುಟ್ತೀನಿ.” ಅವನು ಬಾಗಿಲ ಪಕ್ಕದ ಗೋಡೆಗೆ ಅಂಗೈಯಿಟ್ಟು ಒಂದು ಕ್ಷಣ ನಿಂತ. “ಇಳಿಸುವಾಗ ಮೆತ್ತಗೆ ಇಳಿಸಿ, ಕ್ಯಾಪ್ಟನ್.”

ಟೋಪಿ ಹಾಕಿಕೊಳ್ಳದೆಯೇ ಹೊರಟುಹೋದ.

“ಕೇಳಿದ್ರಾ?” ರೂಬೆನ್‌ಗೆ ಉಸಿರು ಬಂತು. “ವಿಮಾನ ಇಳಿಸೋದನ್ನ ನಮಗೆ ಹೇಳಿಕೊಡ್ತಾನೆ! ಚಿಕ್ಕೋರ ಉಪಕಾರ ತಗೊಳ್ಳೋದಕ್ಕಿಂತ ಐನೂರು ಮೈಲಿ ಕಾರು ಓಡಿಸೋದೇ ವಾಸಿ ಅಂತೆ. ಕೊಬ್ಬು ಅಂದ್ರೆ ಇದು.”

ಮಾರಿಟ್ ಹೊರಗೆ ನೋಡಿದಳು. ಕಿಟಕಿಯಾಚೆ ಹಳದಿ ಜಾಕೆಟ್ಟಿನ ಲೋಡರ್‌ಗಳು ಮುಂದಿನ ಗೂಡಿನ ಬಾಗಿಲು ಮುಚ್ಚುತ್ತಿದ್ದರು. ಅವರಲ್ಲಿ ಇಬ್ಬರು ಆ ಚಳಿಯಲ್ಲಿ ಉಣ್ಣೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಕಾರಣ ಅವಳಿಗೆ ತಿಳಿಯಲಿಲ್ಲ.

4 ಗಂಟೆ 5 ನಿಮಿಷಕ್ಕೆ ಸರಕಿನ ಕಾಗದ ಒಳಗೆ ಬಂತು. ಮಾರಿಟ್ ಸಹಿ ಹಾಕಲು ಪೆನ್ನು ತೆಗೆದಳು, ಎಂದಿನಂತೆ ಮೊದಲು ಪೂರ್ತಿ ಓದಿದಳು.

ಶವಪೆಟ್ಟಿಗೆ, ಒಂದು. ಮೃತರು: ಕೀಗನ್ ಲಿಂಡ್. ಅಂತ್ಯಕ್ರಿಯೆ: ಶುಕ್ರವಾರ ಬೆಳಿಗ್ಗೆ 10, ಮೈನಾಟ್. ಕಳುಹಿಸುವವರು: ಮೃತರ ತಂದೆ, ವೆಂಡೆಲ್ ಸ್ಟ್ರಾಂಡ್. ತೂಕ: 412 ಪೌಂಡ್.