ಪುರಸಭೆಯ ಗಿಣಿ

ಕಸ್ತೂರಿ, ಅಜ್ಜಿ ಸತ್ತಳೆಂದು ಸುಳ್ಳು ಹೇಳಿ ಶಾಲೆ ತಪ್ಪಿಸಿದ್ದು ಗೊತ್ತಾದಾಗ, ಸೊಪ್ಪು-ಪಲ್ಲೆ ಮಾರುವ ಫಕೀರಪ್ಪ ಸಿಟ್ಟಿನ ಭರದಲ್ಲಿ ಪುರಸಭೆಯಿಂದ ತಗಡಿನ ಗಿಣಿ ತಂದು ಮಗಳ ಹೆಗಲಿಗೆ ಕೂರಿಸಿಬಿಟ್ಟ. ಆ ಊರಿನ ಮಕ್ಕಳಿಗೆಲ್ಲ ಅದೇ ಶಿಕ್ಷೆ. ಒಮ್ಮೆ ಹೆಗಲೇರಿದ ಗಿಣಿ, ತಪ್ಪನ್ನು ಓಣಿಗೆಲ್ಲ ಕೂಗಿ ಹೇಳಿದ ಮೇಲೆಯೇ ಇಳಿಯುವುದು.

ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದ ಅಜ್ಜಿ, "ಸತ್ತಾಕಿ ನಾನು. ನನಗಿಲ್ಲದ ಸಿಟ್ಟು ನಿನಗ್ಯಾಕೋ?" ಎಂದಳು.

ಫಕೀರಪ್ಪ ಕೇಳಲಿಲ್ಲ. ಮಗಳ ಕೈ ಹಿಡಿದು ಹೊರಟೇಬಿಟ್ಟ.

"ಕಸ್ತೂರಿ ಸುಳ್ಳಿ! ಬದುಕಿದ್ದ ಅಜ್ಜೀನ ಸಾಯಿಸ್ಯಾಳ!" ಎಂದು ಗಿಣಿ ಶುರುವಿಟ್ಟುಕೊಂಡಿತು. ಓಣಿಯ ತುದಿಯಲ್ಲಿ ಕಸ್ತೂರಿಯ ಗೆಳತಿಯರು ಕುಂಟೆಬಿಲ್ಲೆ ಆಡುತ್ತಿದ್ದರು.

"ಯಪ್ಪಾ, ಆ ಕಡೆ ಬ್ಯಾಡ," ಎಂದ ಮಗಳ ಅಂಗೈ ಬೆವೆತಿತ್ತು.

ಫಕೀರಪ್ಪನ ಸಿಟ್ಟು ಇಳಿಯಿತು. ಗಿಣಿ ಮತ್ತೆ ಬಾಯಿ ತೆರೆಯುವ ಮೊದಲೇ ಅವನು ಗಂಟಲು ಹರಿಯುವಂತೆ ಕೂಗಿದ: "ಮೆಂತ್ಯೆಪಲ್ಲೇ! ರಾಜಗಿರೀ! ಸಬ್ಬಸಗೀ!"

ಗಿಣಿಯ ದನಿ ಅದರಲ್ಲಿ ಮುಳುಗಿಹೋಯಿತು. ಪಕ್ಕದ ಮನೆಯ ನೀಲವ್ವ ಬುಟ್ಟಿ ಹಿಡಿದು ಹೊರಬಂದು ಅವನ ಬರಿಗೈ ನೋಡಿದಳು.

"ಪಲ್ಲೆ ಎಲ್ಲೈತೋ ಫಕೀರಪ್ಪಾ?"

"ನಾಳೆ ತರ್ತೀನಿ, ಒಳಗ ಹೋಗಬೇ!"

ನೀಲವ್ವ ಗಿಣಿಯನ್ನು ನೋಡಿದಳು, ಹುಡುಗಿಯ ಮುಖ ನೋಡಿದಳು. ಒಳಗೆ ಹೋಗದೆ, "ಸಬ್ಬಸಗಿ ಸಿವುಡು ಎಷ್ಟಕ್ಕೋ?" ಎಂದು ಓಣಿ ತುಂಬ ಕಿರುಚತೊಡಗಿದಳು.

ಗೆಳತಿಯರ ಮುಂದೆ ಬರುವಷ್ಟರಲ್ಲಿ ಕೂಗಿ ಕೂಗಿ ಫಕೀರಪ್ಪನ ದನಿ ಕಟ್ಟಿಹೋಯಿತು. ಗಿಣಿ ಕೊಕ್ಕು ತೆರೆಯಿತು.

"ಕಿರಕಸಾಲೀ ಪಲ್ಲೇ!" ಎಂದು ಕಸ್ತೂರಿಯೇ ಕೂಗಿದಳು.

"ಏನದು, ಉಂಡಿಲ್ಲೇನು?" ಅಪ್ಪ ಪಿಸುದನಿಯಲ್ಲೇ ಗದರಿದ. "ಹೊಟ್ಟಿಯಿಂದ ಕೂಗು!"