ಆಬಾಸಾಹೇಬನ ಮದುವೆಯ ಚಿತ್ರಗಳು

ಮೊದಲ ಕಲ್ಲು ಮುದ್ರಣಾಲಯದ ಬೋರ್ಡಿಗೆ ಬಿತ್ತು. ಎರಡನೆಯದು ತನ್ನ ತಲೆಗೆ ಬೀಳುವುದರೊಳಗೆ ಮನೋಹರ ಷಟರ್ ಎಳೆದುಬಿಟ್ಟ.

ಒಳಗೆ ಆರತಿ ಕುಳಿತಿದ್ದಳು. ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಊರನ್ನೇ ನಗಿಸಿದ ಆ ವ್ಯಂಗ್ಯಚಿತ್ರಗಳು ಅವಳವೇ. ಅಚ್ಚು ಹಾಕಿಕೊಟ್ಟವನು ಇವನು. ಈ ಮರಾಠಿ ಊರಿನಲ್ಲಿ ಸಿಕ್ಕ ನಮ್ಮ ಕಲಬುರ್ಗಿ ಕಡೆಯ ಹೆಣ್ಣುಮಗಳು ಎಂಬ ಒಂದೇ ಅಭಿಮಾನಕ್ಕೆ ಒಪ್ಪಿಕೊಂಡು ಈಗ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಆಬಾಸಾಹೇಬ ಅಂದರೆ ಸಾಮಾನ್ಯನೇ? ಆ ಭಾಗಕ್ಕೆಲ್ಲ ಅವನೇ ರಾಜ. ಊರು ಹೋಗು ಎನ್ನುವ, ಕಾಡು ಬಾ ಎನ್ನುವ ವಯಸ್ಸಿನಲ್ಲಿ ಎರಡನೇ ಮದುವೆಯಾದ. ಅದೂ ಊರಾಚೆಯ ಫಾರ್ಮ್‌ಹೌಸಿನಲ್ಲಿ, ಬಂದವರ ಮೊಬೈಲನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡು. ಮದುಮಗಳ ಮುಖ ಕಂಡವರಿಲ್ಲ, ಇಪ್ಪತ್ತೆರಡು ವರ್ಷವಂತೆ. ಮರುವಾರವೇ ಮುದ್ರಣಾಲಯವಿದ್ದ ಸದಾಶಿವ ಪೇಠದ ಗೋಡೆಗೋಡೆಗೂ ಚಿತ್ರ: ವಿಗ್ಗು ಜಾರಿದ ಡೊಳ್ಳುಹೊಟ್ಟೆಯ ಮದುಮಗ, ಪಕ್ಕದಲ್ಲಿ ಎರಡು ಜಡೆ ಹಾಕಿ ಶಾಲೆಯ ಚೀಲ ಹೊತ್ತ ಮದುಮಗಳು. ಅಜ್ಜನಿಗೆ ಮೊಮ್ಮಗಳಂಥ ಹೆಂಡತಿ ಎಂಬ ಕುಹಕ! ಚಹಾದಂಗಡಿಯಲ್ಲಿ ಜನ ಬಿದ್ದು ಬಿದ್ದು ನಕ್ಕರು. ಮನೋಹರನಂತೂ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ.

ಈಗ ಸಾಹೇಬನ ಕಡೆಯವರು ಸಂಜೆಯವರೆಗೆ ಗಡುವು ಕೊಟ್ಟಿದ್ದರು. 'ಅತಿ ಮಾಡಿ ಬರೆದೆ, ತಪ್ಪಾಯಿತು' ಎಂದು ಚಿತ್ರ ಬರೆದವರೇ ಸಹಿ ಮಾಡಿಕೊಡಬೇಕು. ಇಲ್ಲವಾದರೆ ಇಪ್ಪತ್ತು ವರ್ಷ ಮನೋಹರನ ಸಂಸಾರ ಸಾಕಿದ ಅಚ್ಚಿನ ಯಂತ್ರ ಗುಜರಿಗೆ.

"ಸಹಿ ಮಾಡ್ರಿ ಅಕ್ಕೋರ. ನಿಮ್ಮ ಕಾಲಿಗೆ ಬೀಳ್ತೀನಿ."

"ಯಾವುದು ಅತಿ ಆಗೇದ, ನೀವ ಹೇಳ್ರಿ ಅಣ್ಣಾರ. ಬರದು ಕೊಡ್ತೀನಿ."

"ಹೊಟ್ಟಿ."

ಬರೆದಳು.

"ವಿಗ್ಗು."

ಅದನ್ನೂ ಬರೆದಳು. ಮನೋಹರನಿಗೆ ಹೋದ ಜೀವ ಬಂದಂತಾಯಿತು.

"ಇನ್ನ ಆ ಹುಡುಗಿ. ಜಡಿ, ಪಾಟೀಚೀಲ... ಏನ್ ತಲಿರೀ ನಿಮ್ದು! ಮಂದಿಗೆ ನಗಿ ಬಂದಿದ್ದೂ ಅದಕ್ಕ, ಸಾಹೇಬಗ ಉರಿ ಹತ್ತಿದ್ದೂ ಅದಕ್ಕ. ಅದೊಂದು ಭಾಳ ಅತಿ ಆತು ಅಂತ ಬರೀರಿ."

ಆರತಿ ಪೆನ್ನು ಕೆಳಗಿಟ್ಟಳು.

"ಮದಲ ಠಾಣೆಗೆ ಹೋಗಿದ್ದೆ. ಮದುಮಗನ ಹೆಸರು ಕೇಳಿ ಹೊರಗ ಕಳಿಸಿದ್ರು. ಹೆಡ್‌ಮಾಸ್ತರು ಸುಮ್ಮನಿರು ಅಂದ್ರು. ಗ್ವಾಡಿಗೆ ಹಚ್ಚಿದ್ರ ಒಬ್ಬರಾದ್ರೂ ಕೇಳ್ತಾರ ಅಂದ್ಕೊಂಡೆ. ಎಲ್ಲಾರೂ ನಕ್ರಿ. ನೀವೂ ನಕ್ರಿ."

"ಏನ್ ಕೇಳಬೇಕಿತ್ತರೀ?"

"ಆ ಮದುಮಗಳು ನನ್ನ ಒಂಬತ್ತನೇ ಕ್ಲಾಸಿನ ಹುಡುಗಿ, ಅಣ್ಣಾರ. ಹನ್ನೆರಡು ದಿನ ಆತು, ಸಾಲಿಗೆ ಬಂದಿಲ್ಲ."